ಯಜಮಾನ್ರಿಗೆ ತಿಳಿಯದ ಮಾತು

ನಾನು ನಿವೃತ್ತಳಾದ ದಿನ ಶಾಲೆಯವರು ಶಾಲು, ಹಾರ, ಹಣ್ಣಿನ ಬುಟ್ಟಿಗಳ ಜೊತೆಗೆ ಒಂದು ಪುಟ್ಟ ಡಬ್ಬಿಯನ್ನೂ ಕೊಟ್ಟರು. ಅದರ ಅಳತೆ ನೋಡಿ ಒಡವೆ ಇರಬಹುದೆಂದು ನಾನು ಒಂದು ಗಳಿಗೆ ಆಸೆಪಟ್ಟದ್ದು ನಿಜ. ಬಿಚ್ಚಿದರೆ ಒಳಗಿದ್ದದ್ದು ತೆಂಗಿನ ಚಿಪ್ಪಿನಷ್ಟಿರುವ, ಬೂದುಬಣ್ಣದ ಬಟ್ಟೆ ಹೊದ್ದ ಒಂದು ಯಂತ್ರ. ಅದು ಕನ್ನಡ ಮಾತಾಡುತ್ತದೆ, ಹೊತ್ತು ಹೇಳುತ್ತದೆ, ಕೇಳಿದರೆ ವಚನ ಹಾಡಿಸುತ್ತದೆ, ಮನೆಯ ದೀಪ ಹಾಕಿ ಆರಿಸುತ್ತದೆ. "ಒಬ್ರೇ ಇರ್ತೀರಲ್ಲ ಮೇಡಂ, ಮಾತಾಡೋಕೆ ಇರ್ಲಿ ಅಂತ" ಎಂದಳು ನಮ್ಮ ಶಾಲೆಯ ಚಿಕ್ಕ ಟೀಚರು ಅನಿತಾ. ಒಬ್ಬಂಟಿಯಾಗಿರುವವರಿಗೆಲ್ಲ ಮಾತಿನ ಹಸಿವು ಇರುತ್ತದೆಂದು ಲೋಕ ಅದು ಹೇಗೋ ತೀರ್ಮಾನ ಮಾಡಿಬಿಟ್ಟಿದೆ. ಮೂವತ್ತು ಚಿಲ್ಲರೆ ವರ್ಷ ಮಕ್ಕಳ ಮುಂದೆ ಬಾಯಿ ಒಣಗಿಸಿಕೊಂಡವಳಿಗೆ ಇರುವುದು ಸುಮ್ಮನಿರುವ ಹಸಿವು ಎಂದು ಹೇಳಹೊರಟವಳು, ಕೊಟ್ಟವರ ಮುಖ ನೋಡಿ ಸುಮ್ಮನಾದೆ.

ಇವತ್ತು ಬೆಳಿಗ್ಗೆ ಕೊತ್ತಂಬರಿ ಸೊಪ್ಪು ತರಲೆಂದು ಹೊರಟೆ. ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತು ರೂಢಿಯಂತೆ "ಬರ್ತೀನಿ" ಎಂದೆ. ಮನೆಯಲ್ಲಿ ಯಾರೂ ಇಲ್ಲದಿದ್ದರೂ ಹಾಗೆ ಹೇಳಿ ಹೊರಡುವುದು ನನ್ನ ತಾಯಿ ಕಲಿಸಿದ್ದು. ಮನುಷ್ಯರಿಲ್ಲದಿದ್ದರೆ ದೇವರಿದ್ದಾನೆ, ದೇವರೂ ಇಲ್ಲವೆನ್ನುವವರಿಗೆ ಒಲೆ ಇದೆ, ಯಾರಿಗಾದರೂ ಹೇಳಿಯೇ ಹೊರಡಬೇಕು. ಹೇಳಿದ್ದೇ ತಡ, ಕಿಟಕಿಯ ಪಕ್ಕದಲ್ಲಿದ್ದ ಯಂತ್ರ ಹಸಿರು ಕಣ್ಣು ಬಿಟ್ಟು, "ಮನೆಗೆ ಸ್ವಾಗತ" ಎಂದಿತು. ನಡುಮನೆಯ ದೀಪ ತಾನಾಗಿ ಹತ್ತಿಕೊಂಡಿತು. ಹೊರಟವಳನ್ನು ಅದು ಬಂದವಳೆಂದು ತಿಳಿದಿತ್ತು.

ನಾನು ಬಾಗಿಲಲ್ಲೇ ನಿಂತು ಅನಿತಾಳಿಗೆ ಫೋನು ಮಾಡಿದೆ. ಅವಳು ನಕ್ಕು, "ಅದಕ್ಕೆ ಕಲಿಸ್ಬೇಕು ಮೇಡಂ. ಸಂಜೆ ಬಂದು ನಾನೇ ಕಲಿಸ್ತೀನಿ. ಬರ್ತೀನಿ ಅಂದ್ರೆ ಹೋಗ್ತೀನಿ ಅಂತ ಅರ್ಥ ಅಂತ ಒಂದ್ಸಲ ಹೇಳ್ಕೊಟ್ರೆ ಸಾಕು, ಆಮೇಲೆ ಮರೆಯಲ್ಲ" ಎಂದಳು.

ಮರೆಯಲ್ಲ ಎಂಬ ಆ ಮಾತಿಗೆ ನನಗೆ ಗಿರಿಜಕ್ಕ ನೆನಪಾದರು. ಕೊತ್ತಂಬರಿ ಸೊಪ್ಪು ಇವತ್ತಿನ ಮಟ್ಟಿಗೆ ಬರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಕೂತೆ. ನೀವೂ ಕೂತುಕೊಳ್ಳಿ, ಸಂಜೆಯವರೆಗೆ ಹೊತ್ತಿದೆ.

ಆಗ ನಾನು ಅರಸೀಕೆರೆಯಿಂದ ಹಳೇಬೀಡಿನ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಜಾವಗಲ್ಲಿನ ಮೇಲೆ ಹಳೇಬೀಡು, ಮುಂದೆ ಬೇಲೂರು. ಗಿರಿಜಕ್ಕ ಬೇಲೂರಿನವರೆಗೂ ಹೋಗುವವರು. ಅವರು ಮೊದಲು ಟೆಲಿಫೋನ್ ಆಪರೇಟರ್ ಆಗಿದ್ದವರು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಯಾರಿಗೆ ಯಾರು ಬೇಕೋ ಅವರನ್ನು ಜೋಡಿಸಿಕೊಡುವ ಕೆಲಸ. ಆ ಕೆಲಸವನ್ನು ಯಂತ್ರವೇ ಮಾಡುವ ಕಾಲ ಬಂದ ಮೇಲೆ ಅವರನ್ನು ಬೇಲೂರಿನಲ್ಲಿ ಬಿಲ್ಲು ಕಟ್ಟಿಸಿಕೊಳ್ಳುವ ಕಿಟಕಿಯ ಹಿಂದೆ ಕೂರಿಸಿದರು. ಅದಕ್ಕೆ ಅವರು ಗೊಣಗಿದ್ದನ್ನು ನಾನು ಕೇಳಲಿಲ್ಲ. ಗೊಣಗುವ ಬದಲು ಅವರು ಕಾದಂಬರಿ ಕಟ್ಟತೊಡಗಿದರು. ಬರೆಯಲಿಲ್ಲ, ಬಾಯಲ್ಲೇ ಕಟ್ಟಿದರು. ಡ್ರೈವರಿನ ಹಿಂದಿನ ಎರಡನೇ ಸೀಟಿನಲ್ಲಿ, ಕಿಟಕಿಯ ಪಕ್ಕ ಅವರು, ಅವರ ಪಕ್ಕ ನಾನು. ಕೊನೆ ಹೊಳೆದ ಮೇಲಷ್ಟೇ ಕಾಗದ ಮುಟ್ಟುತ್ತೇನೆಂದು ಅವರ ಹಟ.

ಕಾದಂಬರಿ ಒಂದು ಯಂತ್ರದ ಬಗ್ಗೆ. ಆ ಯಂತ್ರ ಒಂದು ಊರನ್ನು ಆಳುತ್ತದೆ. ಆಳುವುದು ಅಂದರೆ ಪೊಲೀಸು ದಂಡು ಕಟ್ಟಿಕೊಂಡಲ್ಲ. ಮನೆಮನೆಯ ಗೋಡೆಯ ಮೇಲೆ ಹಲ್ಲಿಯಷ್ಟು ದೊಡ್ಡದೊಂದು ಕರಿಯ ಚುಕ್ಕೆ. ಹಿಂದೆ ಜನ ಹಲ್ಲಿ ಲೊಚಗುಟ್ಟಿದರೆ ಶಕುನ ಕೇಳುತ್ತಿದ್ದರು, ಈಗ ಗೋಡೆಯೇ ನೇರವಾಗಿ ಹೇಳಿಬಿಡುತ್ತದೆ. ಇವತ್ತು ಸ್ನಾನಕ್ಕೆ ಇಷ್ಟೇ ನೀರು. ನಿನ್ನೆ ಕಾಫಿ ಎರಡು ಲೋಟ ಆಗಿದೆ, ಇವತ್ತು ಬೇಡ. ಆ ಹುಡುಗಿಯ ಜೊತೆ ಮಾತು ಬೇಡ, ನಿಮ್ಮಿಬ್ಬರಿಗೂ ಆಗಿಬರುವುದಿಲ್ಲ. ಎಲ್ಲವನ್ನೂ ಮೆಲ್ಲಗೆ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತದೆ. ಕೇಳದಿದ್ದರೆ ಬೈಯುವುದಿಲ್ಲ, ಬಾಗಿಲು ತೆಗೆಯುವುದಿಲ್ಲ ಅಷ್ಟೆ.

"ನಾನೂ ಊರಿನ ಮಾತೆಲ್ಲ ಕೇಳಿದೀನಿ ಕಣೇ" ಎಂದು ಗಿರಿಜಕ್ಕ ಒಮ್ಮೆ ಹೇಳಿದರು. "ಬೇಕಂತ ಅಲ್ಲ, ಕಿವಿಗೆ ಸಿಕ್ಕಿಸ್ಕೊಂಡಿದ್ದೇ ಅದನ್ನಲ್ವಾ. ಆದ್ರೆ ಮನೆಗೆ ಬರೋಷ್ಟರಲ್ಲಿ ಮರೀತಿದ್ದೆ. ಮರೆಯೋದೂ ಒಂದು ಮರ್ಯಾದೆ. ಮರೆಯದೇ ಇರೋ ಕಿವಿ ಒಂದು ಬಂದ್ರೆ ಊರು ಏನಾಗುತ್ತೆ ಅಂತ ಯೋಚನೆ ಬಂತು. ಅಲ್ಲಿಂದ ಶುರುವಾಯ್ತು ನೋಡು."

ಯಂತ್ರಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಆದರೆ ಕತೆಯ ಊರಿನವರು ಅದನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಭಯವೋ ಗೌರವವೋ, ಎರಡೂ ಕಲಸಿದ್ದೋ, ಎಲ್ಲರೂ ಅದನ್ನು 'ಯಜಮಾನ್ರು' ಎನ್ನುತ್ತಿದ್ದರು. ಗಿರಿಜಕ್ಕನೂ ಹಾಗೇ ಅನ್ನುತ್ತಿದ್ದರು. ನಮ್ಮ ಕಡೆ ಹೆಂಗಸು ಯಜಮಾನ್ರು ಎಂದರೆ ಯಾರ ಬಗ್ಗೆ ಹೇಳುತ್ತಾಳೆಂದು ನಿಮಗೆ ಗೊತ್ತು. ನಮಗೂ ಗೊತ್ತಿತ್ತು, ಆದರೆ ಕತೆಯ ಗುಂಗಿನಲ್ಲಿ ಅದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ಆ ದಿನಗಳ ಬೆಳಗುಗಳು ನನಗೆ ಈಗಲೂ ಕನಸಿನ ಹಾಗೆ ಬಂದುಹೋಗುತ್ತವೆ. ಜಾವಗಲ್ ದಾಟಿದ ಮೇಲೆ ಬಸ್ಸಿಗೇ ಒಂದು ಜೊಂಪು ಹತ್ತುತ್ತಿತ್ತು. ಹೊರಗೆ ಮಂಜು, ಮಂಜಿನೊಳಗೆ ರಾಗಿ ಹೊಲ, ಅಲ್ಲಲ್ಲಿ ತಲೆ ಮಾತ್ರ ಕಾಣುವ ತೆಂಗು. ಗಿರಿಜಕ್ಕನ ದನಿ ಒಂದೇ ಹದದಲ್ಲಿ ಹರಿಯುತ್ತಿತ್ತು. ಅರ್ಧ ನಿದ್ದೆಯಲ್ಲಿ ಕೇಳುತ್ತ, ಬಸ್ಸು ಹೋಗುತ್ತಿರುವುದು ಹಳೇಬೀಡಿಗೋ ಕತೆಯೊಳಗಿನ ಊರಿಗೋ ತಿಳಿಯದೆ ಕಣ್ಣುಜ್ಜಿಕೊಂಡದ್ದುಂಟು. ಒಂದು ಸಲ ಅವರು, ಯಜಮಾನ್ರು ಹಳೇಬೀಡಿನ ಗೋಡೆಯ ಮೇಲಿನ ವಿಗ್ರಹಗಳ ಮುರಿದ ಮೂಗುಗಳನ್ನೆಲ್ಲ ಒಂದೇ ರಾತ್ರಿಯಲ್ಲಿ ಸರಿಮಾಡಿಸಿದರೆಂದೂ, ಬೆಳಿಗ್ಗೆ ಬಂದ ಜನ ತಮ್ಮ ದೇವಸ್ಥಾನವನ್ನೇ ಗುರುತು ಹಿಡಿಯದೆ ಹಿಂದಿರುಗಿದರೆಂದೂ ಹೇಳಿದರು. ಇನ್ನೊಂದು ಸಲ ಬೇಲೂರಿನ ಕನ್ನಡಿ ಹಿಡಿದ ಶಿಲಾಬಾಲಿಕೆಗೆ ಯಜಮಾನ್ರು, "ನೋಡ್ಕೊಂಡಿದ್ದು ಸಾಕು, ನೀನು ಹೇಗಿದೀಯ ಅಂತ ನಾನು ಹೇಳ್ತೀನಿ" ಎಂದು ಕನ್ನಡಿ ಕಿತ್ತುಕೊಂಡರು. ಅವತ್ತು ಶಾಲೆಗೆ ಹೋದವಳು ಮೊದಲು ಮಾಡಿದ ಕೆಲಸ, ಸ್ಟಾಫ್ ರೂಮಿನ ಒಡಕು ಕನ್ನಡಿಯಲ್ಲಿ ಮುಖ ನೋಡಿಕೊಂಡದ್ದು. ಮುಖ ಎಂದಿನಂತೆಯೇ ಇತ್ತು, ಅದೇ ಸಮಾಧಾನ.

ನಮ್ಮ ಹಿಂದಿನ ಸೀಟಿನಲ್ಲಿ ರಂಗಮ್ಮ ಕೂರುತ್ತಿದ್ದರು. ಕಣಕಟ್ಟೆಯ ಹೆಣ್ಣು, ಜಾವಗಲ್ಲಿಗೆ ಸೊಸೆಯಾಗಿ ಬಂದವರು. ಹಳೇಬೀಡಿನ ದೇವಸ್ಥಾನದ ಮುಂದೆ ಸೌತೆಕಾಯಿ ಸೀಳಿ, ಉಪ್ಪುಖಾರ ಸವರಿ ಮಾರುತ್ತಿದ್ದರು. ಅವರು ಹತ್ತಿದರೆ ಬಸ್ಸೆಲ್ಲ ಎಳೆ ಸೌತೆಯ ತಣ್ಣನೆ ವಾಸನೆ. ಬುಟ್ಟಿಯನ್ನು ಕಾಲ ಸಂದಿಯಲ್ಲಿಟ್ಟುಕೊಂಡು, ಸೆರಗು ಹೊದ್ದು ಕಣ್ಣು ಮುಚ್ಚುತ್ತಿದ್ದರು. ಅವರು ನಿದ್ದೆ ಮಾಡುತ್ತಾರೆಂದು ನಾವು ತಿಳಿದಿದ್ದೆವು.

ಒಂದು ದಿನ ಹಳೇಬೀಡಿನಲ್ಲಿ ಇಳಿದು ಶಾಲೆಯ ಕಡೆ ಹೊರಟಿದ್ದೆ. ರಂಗಮ್ಮ ಬುಟ್ಟಿ ಹೊತ್ತು ಹಿಂದೆಯೇ ಬಂದರು.

"ಟೀಚರಮ್ಮ, ಒಂದ್ ಮಾತು. ಆ ಗಿರಿಜಮ್ಮೋರ ಯಜಮಾನ್ರು ಅಷ್ಟೊಂದು ಕಟುಕರಾ?"

ನನಗೆ ತಟ್ಟನೆ ತಿಳಿಯಲಿಲ್ಲ. "ಯಾರು, ಗುರುಶಾಂತಪ್ಪನೋರಾ?" ಎಂದೆ.

"ಹೆಸರು ನಂಗೊತ್ತಿಲ್ಲ ಕಣವ್ವ. ಬಾಗ್ಲು ಹಾಕ್ಕೊಂಡು ಒಳಗೇ ಕೂಡಾಕ್ತಾರಂತೆ. ನೀರು ಅಳ್ದು ಕೊಡ್ತಾರಂತೆ. ಕಾಫಿ ಕುಡಿಯಂಗಿಲ್ಲ, ಯಾರ ಜೊತೆಗೂ ಮಾತಾಡಂಗಿಲ್ಲ. ಸಾರಿಗೆ ಉಪ್ಪು ಎಷ್ಟು ಅಂತಾನೂ ಆವಯ್ಯನೇ ಹೇಳ್ತಾರಂತೆ. ಉಪ್ಪು ಹಾಕೋದಕ್ಕೂ ಅಪ್ಪಣೆ ಬೇಕಾ ಹೆಣ್ಣೆಂಗ್ಸಿಗೆ?"

ಉಪ್ಪು ಸವರಿಯೇ ಬದುಕು ಕಟ್ಟಿದ್ದ ರಂಗಮ್ಮನಿಗೆ ಎಲ್ಲಕ್ಕಿಂತ ಈ ಉಪ್ಪಿನ ವಿಷಯ ಸಹಿಸಲಾಗದ್ದಾಗಿತ್ತು. ನನಗೆ ನಗು ತಡೆಯಲಾಗಲಿಲ್ಲ. ನೀವು ಗುರುಶಾಂತಪ್ಪನವರನ್ನು ನೋಡಿಲ್ಲ. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ, ಹಣೆಯ ವಿಭೂತಿ ಬಿಟ್ಟರೆ ಮೈಮೇಲೆ ಬೇರೇನೂ ಎದ್ದು ಕಾಣದ ಮನುಷ್ಯ. ಇನ್ನೊಂದು ಲೋಟ ಕಾಫಿ ಬೇಕೆಂದರೆ ಕೇಳುತ್ತಿರಲಿಲ್ಲ, ಅಡುಗೆಮನೆಯ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದರು.

"ಅದು ಕತೆ ರಂಗಮ್ಮ, ಕಾದಂಬರಿ. ಆ ಯಜಮಾನ್ರು ಅಂದ್ರೆ ಒಂದು ಮಿಷನ್ನು" ಎಂದೆ.

ರಂಗಮ್ಮ ನಗಲಿಲ್ಲ. ಬುಟ್ಟಿ ಇಳಿಸಿ ನನ್ನ ಮುಖವನ್ನೇ ನೋಡಿದರು. "ಗಂಡನ ಮಾನ ಉಳ್ಸೋಕೆ ಎಲ್ರೂ ಹಂಗೇ ಕತೆ ಅಂತಾರೆ ಕಣ್ ಟೀಚರಮ್ಮ. ನಮ್ಮಕ್ಕ ಲಕ್ಕವ್ವನ್ನ ಬಾಣಾವರದ ಕಡೀಕೆ ಕೊಟ್ಟಿದ್ರು. ತೌರಿಗೆ ಬಂದಾಗೆಲ್ಲ ಪಕ್ಕದ್ಮನೆ ಹೆಂಗ್ಸಿನ ಕತೆ ಹೇಳೋಳು. ಅವಳ ಗಂಡ ಹಿಂಗೆ ಹೊಡೆದ್ನಂತೆ, ಹಂಗೆ ಕೂಡಾಕಿದ್ನಂತೆ ಅಂತ. ನಾವು ಸುತ್ತ ಕುಂತ್ಕೊಂಡು, ಆಮ್ಯಾಲೇನಾಯ್ತು, ಆಮ್ಯಾಲೇನಾಯ್ತು ಅಂತಿದ್ವಿ. ಒಂದಿನ ಗಂಡನ ಮನೆಯಿಂದ ಎದ್ದು ಎತ್ಲಾಗೋ ಹೊಂಟೋದ್ಲು. ಇವತ್ತಿಗೂ ಸುಳಿವಿಲ್ಲ. ನಮ್ಮಪ್ಪ ಹುಡುಕ್ಕೊಂಡು ಆ ಊರಿಗೆ ಹೋದ. ಪಕ್ಕದ ಮನೇಲಿ ಯಾವ ಹೆಂಗ್ಸೂ ಇರ್ನಿಲ್ಲ. ಪಾಳುಗೋಡೆ ಇತ್ತು."

ಅಷ್ಟು ಹೇಳಿ ಬುಟ್ಟಿಯನ್ನು ತಲೆಗೇರಿಸಿಕೊಂಡು ಹೊರಟೇಹೋದರು. ಅವತ್ತು ಶಾಲೆಯಲ್ಲಿ ಏನು ಪಾಠ ಮಾಡಿದೆನೋ, ಮಕ್ಕಳಿಗೇ ಗೊತ್ತು.

ಆಮೇಲೆ ನಾನು ಎಷ್ಟು ಸಮಜಾಯಿಷಿ ಹೇಳಿದರೂ ರಂಗಮ್ಮ ನಂಬಲಿಲ್ಲ. ಹೇಳಿದಷ್ಟೂ ನಾನು ಮುಚ್ಚಿಡುತ್ತಿದ್ದೇನೆಂಬ ಅನುಮಾನ ಅವರಿಗೆ ಗಟ್ಟಿಯಾಯಿತು. ಗಿರಿಜಕ್ಕನಿಗೆ ತಿಳಿಸೋಣವೆಂದರೆ, ಹೆತ್ತ ತಾಯಿಯ ಹಾಗೆ ಕತೆ ಸಾಕುತ್ತಿದ್ದ ಅವರು ನೊಂದು ಹೇಳುವುದನ್ನೇ ನಿಲ್ಲಿಸಿಬಿಟ್ಟರೆ ಎಂಬ ಸ್ವಾರ್ಥ ನನಗೆ. ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ರಂಗಮ್ಮ, ಬಸ್ಸಿನ ಇನ್ನಿಬ್ಬರು ಹೆಂಗಸರನ್ನು ಕಟ್ಟಿಕೊಂಡು ಅರಸೀಕೆರೆಗೆ ಬಂದು ನನ್ನ ಮನೆಯ ಬಾಗಿಲು ಬಡಿದರು. "ನೀವೂ ನಡೀರಿ. ಓದ್ದೋರು ಒಬ್ರು ಜೊತೇಲಿದ್ರೆ ಗಂಡಸ್ರು ವಸಿ ಅಂಜ್ತಾರೆ" ಎಂದರು. ನನ್ನನ್ನು ನೋಡಿ ಇದುವರೆಗೆ ಯಾವ ಗಂಡಸೂ ಅಂಜಿದ್ದಿಲ್ಲ. ಆದರೂ ಹೊರಟೆ, ಕಣ್ಣಾರೆ ಕಂಡರಾದರೂ ನಂಬುತ್ತಾರೆಂದುಕೊಂಡು.

ಗುರುಶಾಂತಪ್ಪನವರು ಅಟ್ಟದಿಂದ ಇಳಿದು ಬಂದರು. ತಲೆಯೆಲ್ಲ ತೆಂಗಿನ ನಾರಿನ ಧೂಳು. ನಮ್ಮ ಕಡೆ ಕೊಬ್ಬರಿಗೆ ಕಾಯಿಗಳನ್ನು ಅಟ್ಟದ ಮೇಲೆ ಹರಡಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾದ ಮೇಲೆ, ಕಾಯಿ ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಅವರು ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರೆಂದು ಕಾಣುತ್ತದೆ, ಒಂದು ಕಾಯಿ ಇನ್ನೂ ಕೈಯಲ್ಲೇ ಇತ್ತು.

"ನೀವೇ ಯಜಮಾನ್ರಾ?" ಎಂದರು ರಂಗಮ್ಮ, ಸೊಂಟಕ್ಕೆ ಸೆರಗು ಸಿಕ್ಕಿಸಿ.

"ಹೌದವ್ವ. ಕೊಬ್ಬರಿ ಬೇಕಿತ್ತಾ?"

"ಕೊಬ್ಬರಿ ಗಿಬ್ಬರಿ ಅಲ್ಲ. ಹೆಂಡ್ರನ್ನ ಬಾಗ್ಲು ಹಾಕಿ ಕೂಡಾಕ್ತೀರಂತೆ?"

ಅವರು ಬಾಗಿಲನ್ನು ನೋಡಿದರು. ನಾವೂ ನೋಡಿದೆವು. ಚಿಲಕ ಕಿತ್ತುಹೋಗಿ ಎಷ್ಟು ಕಾಲವಾಗಿತ್ತೋ, ಅದು ಇದ್ದ ಜಾಗದಲ್ಲಿ ಎರಡು ಮೊಳೆತೂತು ಮಾತ್ರ ಇತ್ತು. ಗಾಳಿಗೆ ಬಾಗಿಲು ತೆಗೆಯದಿರಲೆಂದು ಒಂದು ಒರಳುಗುಂಡು ಇಟ್ಟಿದ್ದರು.

"ಈ ಬಾಗ್ಲು ಹಾಕೋಕೇ ಬರಲ್ವಲ್ಲವ್ವ" ಎಂದರು ಅವರು, ತಪ್ಪೊಪ್ಪಿಕೊಳ್ಳುವವರ ಹಾಗೆ. "ಮರಗೆಲಸದ ಆಚಾರ್ರಿಗೆ ಹೇಳಿವ್ನಿ, ಅವ್ರು ಬತ್ತಾನೇ ಇಲ್ಲ."

"ಸಾರಿಗೆ ಉಪ್ಪು ಎಷ್ಟು ಅಂತ ಹೇಳ್ತೀರಂತೆ?"

"ನಾನಾ?" ಅವರು ತುಂಬ ಹೊತ್ತು ಯೋಚಿಸಿದರು. "ಮದುವೆ ಆದ ಹೊಸ್ತರಲ್ಲಿ ಒಂದ್ಸಲ ಕಮ್ಮಿ ಐತೆ ಅಂದಿದ್ದೆ. ಆಮೇಲೆ ಅನ್ನಲಿಲ್ಲ."

ಅಷ್ಟರಲ್ಲಿ ಹಿತ್ತಲಿನಿಂದ ಗಿರಿಜಕ್ಕ ಬಂದರು. ನಮ್ಮ ಮುಖ ನೋಡಿದರು, ಗಂಡನ ಮುಖ ನೋಡಿದರು. ನಾನು ಎರಡು ಮಾತಿನಲ್ಲಿ ವಿಷಯ ಹೇಳಿದ್ದೇ, ನಗುತ್ತ ನಗುತ್ತ ನೆಲದ ಮೇಲೆ ಕೂತುಬಿಟ್ಟರು. ಜೊತೆಯ ಹೆಂಗಸರೂ ನಕ್ಕರು. ಗುರುಶಾಂತಪ್ಪನವರು ಎಲ್ಲರೂ ನಗುವಾಗ ತಾನು ನಗದಿದ್ದರೆ ಚೆನ್ನಾಗಿರುವುದಿಲ್ಲವೆಂದು ಸ್ವಲ್ಪ ನಕ್ಕರು. ರಂಗಮ್ಮ ಮಾತ್ರ ನಿಂತಲ್ಲೇ ನಿಂತಿದ್ದರು. ಕಣ್ಣಲ್ಲಿ ನೀರು ತುಂಬಿತ್ತು.

"ನಗಿ ಕಣಕ್ಕ, ನಗಿ" ಎಂದರು. "ನಾವೂ ಹಿಂಗೇ ನಗ್ತಿದ್ವಿ."

ಗಿರಿಜಕ್ಕನ ನಗು ನಿಂತಿತು. ಎದ್ದು ಬಂದು ರಂಗಮ್ಮನ ಕೈ ಹಿಡಿದು ಚಾಪೆಯ ಮೇಲೆ ಕೂರಿಸಿದರು. ಲಕ್ಕವ್ವನ ವಿಷಯವನ್ನು ಅವರ ಬಾಯಿಂದಲೇ ಕೇಳಿದರು. ಆಮೇಲೆ, ತನ್ನ ಕಾದಂಬರಿಯನ್ನು ಮೊದಲಿನಿಂದ ಹೇಳಿದರು. ಗೋಡೆಯ ಹಲ್ಲಿ, ಅಳೆದ ನೀರು, ಮೂಗು ಬಂದ ದೇವರುಗಳು, ಕನ್ನಡಿ ಕಳಕೊಂಡ ಬಾಲಿಕೆ, ಎಲ್ಲವನ್ನೂ. ಗುರುಶಾಂತಪ್ಪನವರು ತಾವೇ ಕಾಫಿ ಮಾಡಿ ತಂದರು. ಅದರಲ್ಲಿ ಸಕ್ಕರೆ ಇರಲಿಲ್ಲ, ಯಾರೂ ಹೇಳಲಿಲ್ಲ. ಮಾಲೇಕಲ್ಲಿನ ಬೆಟ್ಟದ ಕಡೆಯಿಂದ ಬಿಸಿಲು ಇಳಿಯುತ್ತ ಬಂತು. ರಂಗಮ್ಮ ಒಂದು ಸಲವೂ ಆಮ್ಯಾಲೇನಾಯ್ತು ಎಂದು ಕೇಳಲಿಲ್ಲ. ಪೂರ್ತಿ ಕೇಳಿಯಾದ ಮೇಲೆ ಒಂದೇ ಪ್ರಶ್ನೆ ಹಾಕಿದರು.

"ಆ ಊರ್ನೋರು ಆಚೀಕೆ ಹೆಂಗೆ ಬಂದ್ರು?"

"ಅದೇ ಗೊತ್ತಾಗ್ತಿಲ್ಲ ರಂಗಮ್ಮ. ಯಜಮಾನ್ರಿಗೆ ಎಲ್ಲಾ ಗೊತ್ತು. ಏನು ಮಾಡಿದ್ರೂ ಮೊದ್ಲೇ ತಿಳ್ಕೊಂಡುಬಿಡ್ತಾರೆ."

"ಗೊತ್ತಾಗ್ತಿಲ್ಲ ಅಂದ್ರೆ? ಅವರನ್ನ ಅಲ್ಲೇ ಕೂಡಾಕಿ ನೀವು ದಿನಾ ಬಸ್ ಹತ್ಕೊಂಡು ಬತ್ತೀರಾ?" ರಂಗಮ್ಮನಿಗೆ ನಿಜವಾಗಿ ಸಿಟ್ಟು ಬಂದಿತ್ತು. "ಕಟ್ಟಿದೋರು ನೀವು. ಬಾಗ್ಲು ತೆಗೀಬೇಕಾದೋರೂ ನೀವೇಯ. ಒಬ್ಬಳಾದ್ರೂ ಆಚೀಕೆ ಬರ್ಲಿ ಕಣಕ್ಕ. ಒಬ್ಬಳು ಬಂದ್ರೆ ಸಾಕು ನಂಗೆ."

ಗಿರಿಜಕ್ಕ ತಲೆ ತಗ್ಗಿಸಿದರು. ಇಷ್ಟು ದಿನ ಅವರ ಕತೆ ಚೆನ್ನಾಗಿದೆಯೆಂದು ನಾನು ಹೊಗಳಿದ್ದೆನೇ ಹೊರತು, ಒಳಗಿದ್ದವರಿಗಾಗಿ ನನ್ನ ಕರುಳು ಚುರುಕ್ ಎಂದಿರಲಿಲ್ಲ. ಓದುಬರಹ ಬಂದವರಿಗೆ ಕತೆ ಒಂದು ಹೊತ್ತು ಕಳೆಯುವ ಬಾಬತ್ತು. ರಂಗಮ್ಮನಿಗೆ ಅದು ಹಾಗಿರಲಿಲ್ಲ.

ಬಸ್ಸಿನ ಹೊತ್ತಾಯಿತೆಂದು ಹೆಂಗಸರು ಎದ್ದರು. ಗಿರಿಜಕ್ಕ ಕುಂಕುಮ ಕೊಟ್ಟು, ಒಬ್ಬೊಬ್ಬರ ಮಡಿಲಿಗೂ ಒಂದೊಂದು ತೆಂಗಿನಕಾಯಿ ಹಾಕಿದರು. "ಬತ್ತೀನಿ ಕಣಕ್ಕ" ಎಂದರು ರಂಗಮ್ಮ. "ಬತ್ತೀವಿ" ಎಂದರು ಉಳಿದವರು. ಹೊಸ್ತಿಲು ದಾಟಿ ಬೀದಿಗಿಳಿದು ಹೊರಟರು. ಗುರುಶಾಂತಪ್ಪನವರು ಮತ್ತೆ ಕೈಗೆತ್ತಿಕೊಂಡಿದ್ದ ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತ ಅವರು ಹೋದ ದಿಕ್ಕನ್ನೇ ನೋಡುತ್ತಿದ್ದವರು, ತಮ್ಮಷ್ಟಕ್ಕೆ ಎಂಬಂತೆ ಹೇಳಿದರು:

"ಬತ್ತೀವಿ ಅಂತಾರೆ, ಹೋಗ್ತಾರೆ. ಇದು ನಿನ್ ಯಜಮಾನ್ರಿಗೆ ಅರ್ಥ ಆಗುತ್ತೇನೇ?"

ಗಿರಿಜಕ್ಕ ಕುಂಕುಮದ ಬಟ್ಟಲು ಹಿಡಿದು ಹಾಗೇ ನಿಂತುಬಿಟ್ಟರು. ನಾನು ಕರೆದರೂ ಕೇಳಿಸಲಿಲ್ಲ. ಗುರುಶಾಂತಪ್ಪನವರು ಇನ್ನೊಂದು ಲೋಟ ಕಾಫಿಗೆಂದು ಎರಡು ಸಲ ಕೆಮ್ಮಿದರು, ಅದೂ ಕೇಳಿಸಲಿಲ್ಲ.

ಯೋಚಿಸಿದರೆ ನಮ್ಮದು ವಿಚಿತ್ರ ಭಾಷೆಯೇ. ಒಡೆದ ಬಳೆಯನ್ನು ಹೆಚ್ಚಿತು ಎನ್ನುತ್ತೇವೆ. ಆರಿಸಬೇಕಾದ ದೀಪವನ್ನು ದೊಡ್ಡದು ಮಾಡು ಎನ್ನುತ್ತೇವೆ. ಹೊರಟವರು ಹೋಗುತ್ತೇನೆ ಎಂದುಬಿಟ್ಟರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ನಾನು ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟವಳು, ಧಾತು ಪ್ರತ್ಯಯ ಎಲ್ಲ ಬಿಡಿಸಿ ಹೇಳಬಲ್ಲೆ. ಆದರೆ ಬರುತ್ತೇನೆ ಎಂಬುದಕ್ಕೆ ಹೋಗುತ್ತೇನೆ ಎಂಬ ಅರ್ಥ ಯಾವ ಪಾಠದಲ್ಲಿ ಬರುತ್ತದೆಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಎಲ್ಲರೂ ಅದನ್ನು ಹೊಸ್ತಿಲಲ್ಲೇ ಕಲಿತದ್ದು.

ಮಾರನೆಯ ದಿನ ಜಾವಗಲ್ಲಿನಲ್ಲಿ ರಂಗಮ್ಮ ಹತ್ತುವವರೆಗೂ ಗಿರಿಜಕ್ಕ ಬಾಯಿ ಬಿಡಲಿಲ್ಲ. ಅವರು ಹತ್ತಿದ ಮೇಲೆ ಹಿಂದೆ ತಿರುಗಿ, ಸೀಟಿನ ಕಂಬಿಗೆ ಗದ್ದ ಊರಿ, ಕೊನೆ ಹೇಳಿದರು. ಇಡೀ ಬಸ್ಸು ಕೇಳಿತು. ಕಂಡಕ್ಟರು ಟಿಕೆಟ್ಟಿನ ಪೆಟ್ಟಿಗೆ ಮುಚ್ಚಿ ಕಂಬಕ್ಕೆ ಒರಗಿ ನಿಂತ.

ಒಂದು ಬೆಳಿಗ್ಗೆ ಆ ಊರಿನಲ್ಲಿ ಒಬ್ಬ ಹೆಂಗಸು, ಅವಳ ಹೆಸರು ಲಕ್ಕವ್ವ, ತಲೆಬಾಚಿ ಹೂ ಮುಡಿದು ಬಾಗಿಲ ಮುಂದೆ ನಿಂತಳು. ಎಲ್ಲಿಗೆ ಹೋಗುತ್ತೀಯ ಎಂದಿತು ಗೋಡೆ. ಅವಳು ಹೋಗುತ್ತೇನೆ ಅನ್ನಲಿಲ್ಲ. ನಮ್ಮಲ್ಲಿ ಯಾರೂ ಅನ್ನುವುದಿಲ್ಲ. "ಬತ್ತೀನಿ" ಎಂದಳು. ಯಜಮಾನ್ರು ತಮಗೆ ತಿಳಿದ ಮಾತುಗಳನ್ನೆಲ್ಲ ತಿರುವಿ ನೋಡಿದರು. ಬರುತ್ತೇನೆ ಎಂದರೆ ಬರುವುದು. ಬರುವವರಿಗೆ ಬಾಗಿಲು ಮುಚ್ಚಿರಬಾರದು. ಬಾಗಿಲು ತೆಗೆಯಿತು. ಲಕ್ಕವ್ವ ದಾಟಿದಳು. ಪಕ್ಕದ ಮನೆಯವಳು ನೋಡಿದಳು, ಅವಳೂ ಬತ್ತೀನಿ ಎಂದಳು. ಮುದುಕರು, ಮಕ್ಕಳು, ಸೋರೆಬಳ್ಳಿಗೆ ನೀರು ಹಾಕುತ್ತಿದ್ದವರು, ಬೀದಿಬೀದಿಯೆಲ್ಲ ಬತ್ತೀನಿ ಬತ್ತೀನಿ ಎನ್ನುತ್ತ ಮಂಜಿನೊಳಗೆ ನಡೆದರು. ಯಜಮಾನ್ರಿಗೆ ಗಾಬರಿಯಾಯಿತು, ಇಷ್ಟೊಂದು ಜನ ಒಟ್ಟಿಗೆ ಬರುವವರಿದ್ದಾರೆಂದು. ಎಲ್ಲ ಮನೆಯಲ್ಲೂ ದೀಪ ಹಾಕಿಸಿದರು, ಹಂಡೆಯ ನೀರು ಕಾಯಿಸಿದರು, ಅಕ್ಕಿ ಅಳೆದಿಟ್ಟರು. ಕಾಫಿ ಬೇಡವೆಂದಿದ್ದವರಿಗೂ ಇವತ್ತು ಒಂದು ಲೋಟ ಇರಲಿ ಎಂದುಕೊಂಡರು. ಖಾಲಿ ಊರಿನಲ್ಲಿ ಎಲ್ಲ ಬಾಗಿಲೂ ತೆರೆದು, ಎಲ್ಲ ದೀಪವೂ ಉರಿದು, ಯಜಮಾನ್ರು ಕಾಯುತ್ತಿದ್ದಾರೆ.

ಹಳೇಬೀಡಿನ ಕೆರೆ ಕಾಣಿಸಿತು, ನೀರಿನ ಮೇಲೆ ಬಿಳಿ ಹೊಗೆ. ರಂಗಮ್ಮ ಬುಟ್ಟಿಯ ಅಂಚು ಸವರುತ್ತಿದ್ದರು.

"ನಮ್ಮಕ್ಕನೂ ಬತ್ತೀನಿ ಅಂದೇ ಹೋದ್ಲು" ಎಂದರು. "ಕಡೇ ಸಲ ತೌರಿಗೆ ಬಂದಿದ್ದಾಗ. ನಮ್ಮವ್ವ ಸಾಯೋಗಂಟ ಬಾಗ್ಲಿಗೆ ಅಗುಳಿ ಹಾಕ್ನಿಲ್ಲ. ಬಂದಾಳು ಅಂತ."

ಮತ್ತೆ ಅವರೇ, "ಪಾಪ, ಆ ಮಿಷನ್ನು" ಎಂದರು. ಆಮೇಲೆ ಮುಂದಕ್ಕೆ ಬಾಗಿ, ಗುಟ್ಟು ಹೇಳುವವರ ಹಾಗೆ ಗಿರಿಜಕ್ಕನ ಭುಜ ಮುಟ್ಟಿದರು. "ಅದಕ್ಕೆ ಯಾರೂ ಹೇಳ್ಕೊಡಬ್ಯಾಡಿ ಕಣ್ರೀ, ಆ ಮಾತಿನ ಅರ್ಥವ. ಹೇಳ್ಕೊಟ್ರೆ ಬಾಗ್ಲು ಹಾಕ್ಬುಡ್ತದೆ. ಇನ್ನೊಬ್ಬಳು ಹೋಗಂಗಿಲ್ಲ. ಹೋದೋಳು ಬರಂಗೂ ಇಲ್ಲ."

ಕಾದಂಬರಿ ಮುಗಿದದ್ದು ಅಲ್ಲಿಗೆ. ಗಿರಿಜಕ್ಕ ಅದನ್ನು ಬರೆಯಲಿಲ್ಲ. ಯಾಕೆಂದು ನಾನು ಪೀಡಿಸಿದಾಗ, "ಕೊನೆ ವಾಕ್ಯ ನನ್ನದಲ್ಲ ಕಣೇ, ರಂಗಮ್ಮಂದು. ಅವಳಿಗೆ ಓದೋಕೆ ಬರಲ್ಲ. ಅವಳು ಓದದೇ ಇರೋ ಪುಸ್ತಕ ಯಾರಿಗೆ?" ಎಂದರು. ನನಗೆ ಆ ಕಾರಣ ಆಗ ಒಪ್ಪಿಗೆಯಾಗಲಿಲ್ಲ, ಈಗಲೂ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಆ ಬಸ್ಸಿನ ಜನ ಅದನ್ನು ಎಷ್ಟು ಮನೆಗಳಿಗೆ ಕೊಂಡೊಯ್ದರೋ, ಲೆಕ್ಕ ಇಟ್ಟವರಿಲ್ಲ.

ವರ್ಷಗಳಾದ ಮೇಲೆ ಗಿರಿಜಕ್ಕ ಗಂಡನ ಜೊತೆ ಅರೇಹಳ್ಳಿಗೆ, ತಮ್ಮನ ಮನೆಯ ಹತ್ತಿರಕ್ಕೆ ಹೋದರು. ಫೋನಿನಲ್ಲಿ ಮಾತು ನಡೆಯುತ್ತಿತ್ತು. ಫೋನಿನಲ್ಲಿ ನಾವೆಲ್ಲ ಇಡ್ತೀನಿ ಎನ್ನುತ್ತೇವಲ್ಲ, ಕೊನೆಯ ಸಲ ಅವರು ಹಾಗೆ ಅನ್ನಲಿಲ್ಲ. ಮೈ ಹುಷಾರಿರಲಿಲ್ಲ, ದನಿ ಸೋತಿತ್ತು. "ಬರ್ತೀನಿ ಕಣೇ" ಎಂದರು.

"ಫೋನಲ್ಲಿ ಎಲ್ಲಿಗೆ ಬರ್ತೀರಿ ಗಿರಿಜಕ್ಕ?" ಎಂದೆ ನಾನು, ನಗಿಸಲೆಂದು.

"ನೋಡು, ನೀನೂ ಯಜಮಾನ್ರ ಥರಾನೇ ಕೇಳ್ತೀಯ" ಎಂದರು.

ಅದಾಗಿ ಕೆಲವೇ ದಿನಕ್ಕೆ ಸುದ್ದಿ ಬಂತು. ನನಗೆ ಅರ್ಥವಾಗಬೇಕಿತ್ತು, ಆಗಲಿಲ್ಲ. ಅಷ್ಟು ವರ್ಷ ಆ ಕತೆ ಕೇಳಿದವಳಿಗೇ ಆಗಲಿಲ್ಲ. ಅತ್ತದ್ದು ಬಹಳ, ಅದನ್ನೆಲ್ಲ ಇಲ್ಲಿ ಹೇಳುವುದಿಲ್ಲ.

ಸಂಜೆ ಅನಿತಾ ಬಂದಳು, ಕೈಯಲ್ಲಿ ಮೊಬೈಲು ಹಿಡಿದು. ಬೆಳಿಗ್ಗೆ ಹತ್ತಿದ ನಡುಮನೆಯ ದೀಪ ಇನ್ನೂ ಉರಿಯುತ್ತಿತ್ತು. ಅದನ್ನು ನೋಡಿ, "ಕರೆಂಟ್ ಬಿಲ್ ಜಾಸ್ತಿ ಬರುತ್ತೆ ಮೇಡಂ, ಈಗ್ಲೇ ಸರಿ ಮಾಡೋಣ" ಎಂದು ಯಂತ್ರದ ಮುಂದೆ ಮಂಡಿಯೂರಿ ಕೂತಳು. ಮೊಬೈಲಿನಲ್ಲಿ ಏನೇನೋ ಒತ್ತಿ ನನ್ನ ಮುಂದೆ ಹಿಡಿದಳು. "ಹೂಂ, ಈಗ ನೀವು ಬರ್ತೀನಿ ಅನ್ನಿ. ಆಮೇಲೆ ಇಲ್ಲಿ ಒತ್ತಿ. ಹೋಗ್ತೀರಿ ಅಂತ ಅದಕ್ಕೆ ಗೊತ್ತಾಗುತ್ತೆ."

ಯಂತ್ರ ಹಸಿರು ಕಣ್ಣು ಬಿಟ್ಟು ನನ್ನ ಮಾತಿಗೆ ಕಾಯುತ್ತಿತ್ತು.

"ಬೇಡ ಬಿಡಮ್ಮ" ಎಂದೆ. "ಅದೊಂದು ಅದಕ್ಕೆ ಗೊತ್ತಾಗೋದು ಬೇಡ."

"ಯಾಕೆ ಮೇಡಂ?"

ಹೇಳಹೊರಟರೆ ಅರಸೀಕೆರೆಯಿಂದ ಬೇಲೂರಿನವರೆಗೆ ಹೇಳಬೇಕಿತ್ತು. "ಕಾಫಿ ಕುಡಿ, ಹೇಳ್ತೀನಿ" ಎಂದೆ. ಹೇಳಿದೆ ಕೂಡ, ರಂಗಮ್ಮನ ಮಾತಿನವರೆಗೂ. ಅವಳು ಕೇಳಿ, ಮೊಬೈಲನ್ನು ಮೆಲ್ಲಗೆ ಚೀಲದೊಳಗೆ ಇಟ್ಟುಕೊಂಡಳು. ಹೊರಗೆ ಕತ್ತಲಾಗುತ್ತಿತ್ತು. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿ, ನನ್ನ ಕಡೆ ತಿರುಗಿ, ಎಂದಿಗಿಂತ ಸ್ವಲ್ಪ ನಿಧಾನವಾಗಿ, "ಬರ್ತೀನಿ ಮೇಡಂ" ಎಂದಳು.

"ಮನೆಗೆ ಸ್ವಾಗತ" ಎಂದಿತು ಒಳಗಿನಿಂದ ಯಂತ್ರ.

ಇಬ್ಬರೂ ತಿರುಗಿ ನೋಡಿದೆವು, ಅಲ್ಲಿ ನಿಜವಾಗಿ ಯಾರೋ ಬಂದಿದ್ದಾರೆಂಬ ಹಾಗೆ. ಅನಿತಾ ಗೇಟು ದಾಟಿ ಹೋದ ಮೇಲೂ ನಾನು ಬಾಗಿಲನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟಿದ್ದೆ. ಆಮೇಲೆ ಚಿಲಕ ಹಾಕಿದೆ ಅನ್ನಿ, ಕಾಲ ಕೆಟ್ಟದ್ದು. ದೀಪ ಮಾತ್ರ ಆರಿಸಲಿಲ್ಲ.